ಪುಷ್ಪಚಿತ್ರವೂ ಸ್ವಭಾವೋಕ್ತಿಯೂ

ಹೂವನ್ನು ಹಾಡದ ಕವಿಯಿಲ್ಲ. ಆದರೆ ಹೂವಿನ ಒಳಹೊಕ್ಕು ನೋಡಿದ ಕವಿಗಳು ವಿರಳ. ನಮ್ಮ ಹಳೆಯ ಕಾವ್ಯಗಳಲ್ಲಿ ತಾವರೆ, ಮಲ್ಲಿಗೆ, ಸಂಪಗೆ, ಸುರಗಿ, ಪಾದರಿಗಳ ಹೆಸರುಗಳು ಪುಟಪುಟಕ್ಕೂ ಬರುವವು. ಅವುಗಳ ಬಣ್ಣವನ್ನು ನಾಯಿಕೆಯ ಮೈಗೂ, ಕಂಪನ್ನು ವಸಂತದ ಗಾಳಿಗೂ ಒಪ್ಪಿಸಿ ಕವಿಯು ಮುಂದಿನ ಪದ್ಯಕ್ಕೆ ನಡೆಯುವನು. ಸಂಪಗೆಯ ಎಸಳುಗಳ ನಡುವೆ ಇರುವದೇನು, ತುಂಬೆಯ ಬಿಳಿಯ ತುಟಿಯ ಮೇಲೆ ರೋಮಗಳಿವೆಯೋ ಇಲ್ಲವೋ ಎಂದು ಕೇಳಿದರೆ, ದಿನಾಲು ದೇವರಿಗೆ ಹೂವೇರಿಸುವ ಮನೆಯವರು ಕೂಡ ಕ್ಷಣಕಾಲ ತಡವರಿಸುವರು. ಇದು ರಸಿಕತೆಯ ಕೊರತೆಯಲ್ಲ, ಕಣ್ಣಿನ ಮಿತಿ. ಸುಮಾರು ೨೫ ಸೆಂಟಿಮೀಟರಿಗಿಂತ ಹತ್ತಿರ ತಂದ ವಸ್ತುವು ಸಾಮಾನ್ಯರ ಕಣ್ಣಿಗೆ ಮಸುಕಾಗುವದು. ಆ ಗೆರೆಯ ಈಚೆಗೆ ಹೂವು ತನ್ನ ಮುಖ್ಯ ಸಂಪತ್ತನ್ನು ಬಚ್ಚಿಟ್ಟುಕೊಂಡಿದೆ. ಗೆರೆಯನ್ನು ನಮಗೆ ದಾಟಿಸಿಕೊಟ್ಟದ್ದು ಮಸೂರ. ದಾಟಿ ಕಂಡದ್ದನ್ನು ಹತ್ತು ಜನರ ಮುಂದೆ ಇಟ್ಟದ್ದು ಛಾಯಾಚಿತ್ರ.

ಕ್ಯಾಮರಾದವರು ಮ್ಯಾಕ್ರೊ ಎಂದೂ ಕ್ಲೋಸ್‌ಅಪ್ ಎಂದೂ ಕರೆಯುವ ಈ ಬಗೆಯ ಚಿತ್ರವನ್ನು ಇಲ್ಲಿ ಸಮೀಪಚಿತ್ರವೆಂದು ಕರೆಯೋಣ. ಒಂದು ಕಾಲಕ್ಕೆ ಬೆಲೆಬಾಳುವ ಮಸೂರವುಳ್ಳವರಿಗೆ ಮಾತ್ರ ಸಾಧ್ಯವಿದ್ದ ಈ ಕೆಲಸವು ಇಂದು ಕೈಯೊಳಗಿನ ಫೋನಿನಿಂದಲೂ ಆಗುವದು. ಮಳೆಗಾಲ ಬಂತೆಂದರೆ ಬೆಳಗಾವಿಯ ತರುಣರು ಜಾಂಬೋಟಿ, ಕಣಕುಂಬಿ, ಚೋರ್ಲಾ ಘಟ್ಟಗಳ ದಾರಿ ಹಿಡಿಯುವರು. ಸಂಜೆಗೆ ಮನೆಗೆ ಮರಳುವಾಗ ಹತ್ತಾರು ಹೂಗಳ ಚಿತ್ರಗಳು ಅವರ ಕಿಸೆಯಲ್ಲಿರುವವು. ಚಿತ್ರಗಳು ಹೆಚ್ಚಿದಷ್ಟು ವಿವೇಚನೆ ಹೆಚ್ಚಿಲ್ಲ. ಎಲ್ಲವನ್ನೂ "ಎಷ್ಟು ಚಂದ!" ಎಂಬ ಒಂದೇ ಮಾತಿನಿಂದ ಅಳೆಯುವದು ರೂಢಿಯಾಗಿದೆ. ಒಂದು ಕಲೆಗೆ ಸಾಧನವು ಸುಲಭವಾದ ಹೊತ್ತಿನಲ್ಲಿಯೇ ವಿಮರ್ಶೆಯ ಅವಶ್ಯಕತೆ ಹೆಚ್ಚು. ಆದುದರಿಂದ ಕೇಳಬೇಕಾದ ಪ್ರಶ್ನೆ ಇದು: ಕಾಳಿನಷ್ಟು ಚಿಕ್ಕ ಹೂವನ್ನು ತಟ್ಟೆಯಷ್ಟು ದೊಡ್ಡದಾಗಿ ತೋರಿಸುವ ಈ ಕಲೆಯು ಅತಿಶಯೋಕ್ತಿಯೋ, ಸ್ವಭಾವೋಕ್ತಿಯೋ? ಇದಕ್ಕೆ ಉತ್ತರ ದೊರೆತರೆ, ಯಾವ ಚಿತ್ರವು ಒಳ್ಳೆಯದು, ಯಾವದು ಜಳ್ಳು ಎಂಬದಕ್ಕೂ ಉತ್ತರ ದೊರೆಯುವದು.

ಸ್ವಭಾವೋಕ್ತಿಯೆಂದರೆ ವಸ್ತುವನ್ನು ಅದು ಇದ್ದಂತೆ, ತನ್ನ ಜಾತಿ ಗುಣ ಕ್ರಿಯೆಗಳೊಡನೆ, ಕಣ್ಣಿಗೆ ಕಟ್ಟುವಂತೆ ಹೇಳುವದು. ನಮ್ಮ ಕವಿರಾಜಮಾರ್ಗಕ್ಕೆ ಆಧಾರನಾದ ದಂಡಿಯು ಇದನ್ನು ಅರ್ಥಾಲಂಕಾರಗಳಲ್ಲಿ ಮೊದಲನೆಯದೆಂದು ಇರಿಸಿದನು. ವಕ್ರೋಕ್ತಿಜೀವಿತವನ್ನು ಬರೆದ ಕುಂತಕನು ಒಪ್ಪಲಿಲ್ಲ. ವಸ್ತುವಿನ ಸ್ವಭಾವವೆಂಬದು ಅಲಂಕಾರವನ್ನು ಧರಿಸತಕ್ಕ ಶರೀರ. ಶರೀರವೇ ಒಡವೆಯೆಂದಮೇಲೆ ಆ ಒಡವೆಯನ್ನು ತೊಡಿಸುವದು ಯಾವದಕ್ಕೆ ಎಂಬದು ಅವನ ಆಕ್ಷೇಪ. ಸಮೀಪಚಿತ್ರದ ಮುಂದೆ ನಿಂತ ಸಾಮಾನ್ಯ ಪ್ರೇಕ್ಷಕನೂ ತಿಳಿಯದೆ ಕುಂತಕನ ಮಾತನ್ನೇ ಆಡುವನು: ಚೆಲುವು ಹೂವಿನದು, ಕೆಲಸ ಯಂತ್ರದ್ದು, ನಡುವೆ ಕಲಾವಿದನ ಪಾಲು ಯಾವದು? ಈ ತೊಡಕನ್ನು ಬಿಡಿಸಿದವನು ವ್ಯಕ್ತಿವಿವೇಕಕಾರನಾದ ಮಹಿಮಭಟ್ಟ. ಅವನ ಪ್ರಕಾರ ವಸ್ತುವಿಗೆ ಎರಡು ರೂಪಗಳುಂಟು. ಒಂದು ಸಾಮಾನ್ಯರೂಪ; ದಿನದ ಮಾತುಕತೆಗೆ ಒದಗುವದು ಇದೇ. ಇನ್ನೊಂದು ವಿಶಿಷ್ಟರೂಪ, ಅದು ಪ್ರತ್ಯಕ್ಷಕ್ಕೂ ಕವಿಯ ಪ್ರತಿಭೆಗೂ ಮಾತ್ರ ಗೋಚರ. ಸ್ವಭಾವೋಕ್ತಿಯು ಅಲಂಕಾರವಾಗುವದು ಈ ವಿಶಿಷ್ಟರೂಪವನ್ನು ಕಾಣಿಸಿದಾಗ. "ದಾರಿಯ ಬದಿಗೆ ಒಂದು ಹಳದಿ ಹೂವಿತ್ತು" ಎಂಬದು ಸಾಮಾನ್ಯದ ಮಾತು. ಆ ಹೂವು ಯಾವದು, ಅದರೊಳಗೆ ಏನು ನಡೆದಿತ್ತು ಎಂಬದು ವಿಶಿಷ್ಟದ ದರ್ಶನ. ಸಾವಿರ ವರ್ಷಗಳ ಹಿಂದಿನ ಆ ಕಾಶ್ಮೀರದ ಪಂಡಿತನ ವಿವೇಚನೆಯು ಇಂದಿನ ಸಮೀಪಚಿತ್ರಕ್ಕೆಂದೇ ಮಾಡಿದ್ದೇನೋ ಎಂಬಂತೆ ಒಪ್ಪುವದು.

ಉದಾಹರಣೆಗೆ ನಮ್ಮ ಊರಿನ ಹೆಸರನ್ನೇ ಹೊತ್ತ ಒಂದು ಹೂವನ್ನು ತೆಗೆದುಕೊಳ್ಳೋಣ. ಮಳೆಗಾಲದ ಕೊನೆಗೆ ಪಶ್ಚಿಮಘಟ್ಟದ ಹುಲ್ಲುಗಾವಲುಗಳಲ್ಲಿ ಅರಳುವ ಒಂದು ಹಳದಿ ಹೂವಿಗೆ ಹತ್ತೊಂಬತ್ತನೆಯ ಶತಮಾನದ ಸಸ್ಯಶಾಸ್ತ್ರಜ್ಞರು ಕೊಟ್ಟ ಹೆಸರು ಸೆನೆಸಿಯೊ ಬೆಲ್ಗಾಮೆನ್ಸಿಸ್. ೨೦೧೪ರಲ್ಲಿ ಸರಕಾರವು ಬೆಲ್ಗಾಮ್ ಎಂಬದನ್ನು ಬೆಳಗಾವಿಯೆಂದು ತಿದ್ದಿತು; ಆದರೆ ಸಸ್ಯಗಳ ನಾಮಕರಣದಲ್ಲಿ ಮೊದಲಿಟ್ಟ ಹೆಸರಿಗೆ ಮಾನ್ಯತೆಯಿರುವದರಿಂದ ಹೂವು ಹಳೆಯ ಹೆಸರಿನಿಂದಲೇ ಅರಳುತ್ತಿದೆ. ಇದು ಸೇವಂತಿಗೆ, ಸೂರ್ಯಕಾಂತಿಗಳ ಬಳಗದ್ದು. ಈ ಬಳಗದ ಗುಟ್ಟನ್ನು ಮಸೂರವಿಲ್ಲದೆ ನಂಬುವದು ಕಷ್ಟ: ನಾವು ಒಂದು ಹೂವೆಂದು ಎಣಿಸಿ ಮುಡಿಗೇರಿಸುವದು ಒಂದು ಹೂವಲ್ಲ, ಹೂಗಳ ಒಂದು ಸಭೆ. ಸೂರ್ಯಕಾಂತಿಯಲ್ಲಿ ಅಂಚಿನ ಪ್ರತಿಯೊಂದು ಎಸಳೂ ಒಂದು ಹೂವು. ನಡುವಿನ ತಟ್ಟೆಯಲ್ಲಿರುವ ಪ್ರತಿಯೊಂದು ಚುಕ್ಕೆಯೂ ಐದು ಹಲ್ಲುಗಳ ಪುಟ್ಟ ಕೊಳವೆಯಾದ ಇನ್ನೊಂದು ಹೂವು. ಅವು ಒಮ್ಮೆಲೆ ಅರಳುವದಿಲ್ಲ. ಹೊರಗಿನ ಸುತ್ತು ಮೊದಲು, ಒಳಗಿನದು ಆಮೇಲೆ, ಹೀಗೆ ಬಳೆಬಳೆಯಾಗಿ ಅರಳುತ್ತ ಸಾಗುವವು. ಪ್ರತಿಯೊಂದರಲ್ಲಿಯೂ ಕೇಸರಗಳು ಒಂದಕ್ಕೊಂದು ಕೂಡಿ ನಳಿಗೆಯಾಗಿರುವವು. ಒಳಗಿನಿಂದ ಶಲಾಕೆಯು ಮೇಲಕ್ಕೆ ಬರುವಾಗ ಪರಾಗವನ್ನು ಹೊರದೂಡಿ, ಬಳಿಕ ಎರಡು ಕವಲಾಗಿ ಬಿಚ್ಚುವದು. ಇದನ್ನು ಒಮ್ಮೆ ಒಳ್ಳೆಯ ಸಮೀಪಚಿತ್ರದಲ್ಲಿ ಕಂಡವನಿಗೆ ಸೇವಂತಿಗೆಯ ದಂಡೆಯು ಮೊದಲಿನ ದಂಡೆಯಾಗಿ ಉಳಿಯದು. ಚಿತ್ರವು ಇಲ್ಲದ್ದೇನನ್ನೂ ಕೂಡಿಸಲಿಲ್ಲ. ಇದ್ದ ವಿಶಿಷ್ಟವನ್ನು ತೆರೆದು ತೋರಿತು. ಗಾತ್ರವನ್ನು ಹಿಗ್ಗಿಸಿದ ಮಾತ್ರಕ್ಕೆ ಅತಿಶಯೋಕ್ತಿಯಾಗದು. ಗುಣವನ್ನು ಹಿಗ್ಗಿಸಿದರೆ ಅತಿಶಯೋಕ್ತಿ.

ಈ ಕಲೆಯ ಚರಿತ್ರೆಯಲ್ಲಿ ಮನೆಯೊಳಗೇ ಹುಟ್ಟಿದ ಒಂದು ಪ್ರಸಿದ್ಧ ಚಿತ್ರವುಂಟು. ಇಮೋಜನ್ ಕನಿಂಗ್‌ಹ್ಯಾಮ್ ಎಂಬ ಅಮೇರಿಕದ ಛಾಯಾಚಿತ್ರಕಾರಳು ಮೂವರು ಚಿಕ್ಕ ಮಕ್ಕಳ ಪಾಲನೆಯಲ್ಲಿ ಮನೆಗೆ ಕಟ್ಟುಬಿದ್ದಿದ್ದ ವರ್ಷಗಳಲ್ಲಿ ತನ್ನ ಕೈಯಳತೆಯೊಳಗಿನ ಗಿಡಗಳ ಕಡೆಗೆ ಕ್ಯಾಮರಾ ತಿರುಗಿಸಿದಳು. ೧೯೨೫ರಲ್ಲಿ ಅವಳು ತೆಗೆದ ಮ್ಯಾಗ್ನೋಲಿಯಾ ಹೂವಿನ ಚಿತ್ರದಲ್ಲಿ ಚೌಕಟ್ಟೆಲ್ಲ ಬಿಳಿಯ ಎಸಳುಗಳೇ. ಅವುಗಳ ನಡುವೆ ಗೋಪುರದಂತೆ ಎದ್ದ ಅಂಡಕೋಶಗಳ ಶಿಖರ, ಬುಡದಲ್ಲಿ ಕೇಸರಗಳ ರಾಶಿ. ಆ ಮ್ಯಾಗ್ನೋಲಿಯಾದ ಒಡಹುಟ್ಟು ನಮ್ಮ ಸಂಪಗೆ. ಸಸ್ಯಶಾಸ್ತ್ರವು ಇಂದು ಎರಡನ್ನೂ ಒಂದೇ ಕುಲದಲ್ಲಿ ಇಟ್ಟಿದೆ. ಸಂಪಗೆಯ ಎಸಳುಗಳನ್ನು ಮೆಲ್ಲನೆ ಸರಿಸಿದರೆ ಒಳಗೆ ಅದೇ ಗೋಪುರವು ಹಸುರು ಬಣ್ಣದಿಂದ ನಿಂತಿರುವದು; ಕೇಸರಗಳಿಗೂ ಅಂಡಕೋಶಗಳಿಗೂ ನಡುವೆ ಒಂದು ಚಿಕ್ಕ ಕಂಬ, ಎರಡೂ ಸುರುಳಿಯಾಗಿ ಸುತ್ತಿದ ಜೋಡಣೆ. ದುಂಬಿಯು ಸಂಪಗೆಯ ಹತ್ತಿರ ಸುಳಿಯದೆಂಬದು ನಮ್ಮ ಕವಿಸಮಯ. ಮ್ಯಾಗ್ನೋಲಿಯಾ ಕುಲದ ಹೂಗಳು ಬಹುಮಟ್ಟಿಗೆ ಜೀರುಂಡೆಗಳನ್ನು ನೆಚ್ಚಿದವು ಎಂಬದು ಇಂದಿನ ಶಾಸ್ತ್ರ. ಕವಿಸಮಯವನ್ನು ಶಾಸ್ತ್ರವೆಂದು ಸಾಧಿಸಹೊರಡುವದು ಬೇಡ. ಆದರೆ ಸಂಪಗೆಗೂ ದುಂಬಿಗೂ ಇರುವ ಸಂಬಂಧವು ಮಲ್ಲಿಗೆಯದರಂತಲ್ಲವೆಂದು ಯಾರೋ ಒಬ್ಬ ಹಳೆಯ ರಸಿಕನು ಹತ್ತಿರದಿಂದ ಕಂಡಿರಬೇಕೆಂದು ಊಹಿಸುವದರಲ್ಲಿ ಒಂದು ಸುಖವಿದೆ.

ಹೂವಿನ ಗುಪ್ತಸೌಂದರ್ಯವು ಬರಿಯ ಶೃಂಗಾರವಲ್ಲ, ಅದೊಂದು ಕಾರ್ಯ ಎಂಬದನ್ನು ಜಗತ್ತಿಗೆ ಮೊದಲು ಬಿಡಿಸಿ ಹೇಳಿದವರಲ್ಲಿ ಸ್ಪ್ರೆಂಗೆಲ್ ಎಂಬ ಜರ್ಮನ್ ಶಾಲಾಧ್ಯಾಪಕನು ಮುಖ್ಯನು. ೧೭೮೭ರಲ್ಲಿ ಅವನು ಒಂದು ಕಾಡುಹೂವಿನ ಎಸಳಿನ ಬುಡದಲ್ಲಿ ನವಿರಾದ ರೋಮಗಳನ್ನು ಕಂಡನು. ಸೃಷ್ಟಿಯಲ್ಲಿ ಒಂದು ಕೂದಲೂ ವ್ಯರ್ಥವಲ್ಲವೆಂದು ನಂಬಿದವನಾದ್ದರಿಂದ ಅವು ಏಕೆಂದು ಹುಡುಕಿ, ಅವುಗಳ ಕೆಳಗೆ ಮಳೆನೀರು ತಾಗದಂತೆ ಕಾಪಾಡಿದ ಮಕರಂದವನ್ನು ಕಂಡುಹಿಡಿದನು. ೧೭೯೩ರಲ್ಲಿ ಪ್ರಕಟವಾದ ಅವನ ಗ್ರಂಥವನ್ನು ಆ ಕಾಲದವರು ಕಡೆಗಣಿಸಿದರು. ಡಾರ್ವಿನ್ನನು ಅದರ ಬೆಲೆಯನ್ನು ಎತ್ತಿಹಿಡಿದ ಮೇಲೆಯೇ ಸ್ಪ್ರೆಂಗೆಲ್ಲನ ಹೆಸರು ಉಳಿಯಿತು. ಅವನಿಂದ ವಿಮರ್ಶಕನು ಕಲಿಯತಕ್ಕದ್ದಿಷ್ಟು: ಒಂದು ರೋಮವನ್ನು ನೋಡಿ "ಚಂದ" ಎಂದು ನಿಂತವನು ಅರ್ಧ ನೋಡಿದನು, "ಏಕೆ" ಎಂದು ಕೇಳಿದವನು ಪೂರ್ತಿ ನೋಡಿದನು. ನಮ್ಮ ಅಂಗಳದ ತುಂಬೆಯಲ್ಲಿಯೂ ಈ ಪಾಠವೇ ಇದೆ. ಶಿವನಿಗೆ ಪ್ರಿಯವಾದ ಆ ಚಿಕ್ಕ ಬಿಳಿಹೂವಿಗೆ ಎರಡು ತುಟಿಗಳು. ಮೇಲಿನದು ಗಿಡ್ಡ, ದಟ್ಟ ಬಿಳಿರೋಮಗಳ ಕುಲಾವಿಯಂತಹದು. ಅದರ ಮರೆಗೆ ಕೇಸರಗಳು. ಕೆಳಗಿನದು ಅಗಲವಾಗಿ ಚಾಚಿದ ಹಾಸುಗಲ್ಲು. ಜೇನು ಬಂದು ಹಾಸುಗಲ್ಲಿನ ಮೇಲೆ ನಿಂತು ಒಳಗೆ ತಲೆಯಿಕ್ಕಿದರೆ ಅದರ ಬೆನ್ನಿಗೆ ಪರಾಗದ ಭಸ್ಮವು ಹತ್ತುವದು. ಇಷ್ಟನ್ನು ತೋರಿಸಿದ ಚಿತ್ರವು ತುಂಬೆಯ ಸ್ವಭಾವೋಕ್ತಿ.

ಈಗ ಊರ ಅಂಗಳದಿಂದ ಘಟ್ಟದ ಕಡೆಗೆ ಹೋಗೋಣ. ಬೆಳಗಾವಿಯಿಂದ ಸುಮಾರು ೨೫ ಕಿಲೋಮೀಟರು ದೂರದ ಖಾನಾಪುರವು ಬಯಲುಸೀಮೆಯೂ ಮಲೆನಾಡೂ ಕೈಹಿಡಿಯುವ ತಾಲೂಕು. ಕಣಕುಂಬಿಯಲ್ಲಿ ಮಲಪ್ರಭೆಯು ಹುಟ್ಟುವಳು. ಮಹದಾಯಿಯ ಮೂಲವೂ ಈ ತಾಲೂಕಿನ ಕಾಡಿನಲ್ಲಿಯೇ. ೨೦೧೧ರಲ್ಲಿ ಅಭಯಾರಣ್ಯವಾದ ಭೀಮಗಡವು ಇಲ್ಲಿರುವದು. ಕಾಡಿನ ನಡುನಡುವೆ ಚಿರೆಕಲ್ಲಿನ ಬಯಲುಗಳು. ಬೇಸಗೆಯಲ್ಲಿ ಅವು ಕರಿದು ಸುಟ್ಟ ಹಂಚಿನಂತೆ ಬಿದ್ದಿರುವವು. ಮಳೆ ಹಿಡಿದು ಎರಡು ತಿಂಗಳಾದರೆ ಅಂಗೈ ಆಳವಿಲ್ಲದ ಮಣ್ಣಿನಲ್ಲಿ, ಬೆರಳುದ್ದದ ಗಿಡಗಳಲ್ಲಿ, ಕಾಳಿನಷ್ಟು ಹೂಗಳು ಲಕ್ಷೋಪಲಕ್ಷವಾಗಿ ಏಳುವವು. ನಿಂತು ನೋಡಿದವನಿಗೆ ಅದು ನೀಲಿಯ ಒಂದು ಮಬ್ಬು. ಮೊಣಕಾಲೂರಿದವನಿಗೆ ಮಾತ್ರ ಹೂವು.

ಅಲ್ಲಿನ ಒಂದು ನೇರಿಳೆ ಬಣ್ಣದ ಹೂವನ್ನು ಘಟ್ಟದ ಮರಾಠಿ ಜನರು "ಸೀತೆಚೀ ಆಸವೇ", ಎಂದರೆ ಸೀತೆಯ ಕಣ್ಣೀರು ಎಂದು ಕರೆಯುವರು. ಶಾಸ್ತ್ರದ ಹೆಸರು ಯುಟ್ರಿಕ್ಯುಲೇರಿಯಾ. ಕರುಣರಸದ ಆ ಹೆಸರಿನ ಕೆಳಗೆ ಒಂದು ಬೇಟೆಯ ಕಥೆಯಿದೆ. ನೀರು ತುಂಬಿದ ಮಣ್ಣಿನಲ್ಲಿ ಅದರ ಪುಟ್ಟ ಚೀಲಗಳಿರುವವು. ಸಣ್ಣ ಜೀವಿಯೊಂದು ಚೀಲದ ಬಾಯ ಬಳಿಯ ರೋಮವನ್ನು ಸೋಕಿದರೆ ಕಣ್ಣೆವೆಯಿಕ್ಕುವದರೊಳಗೆ ಚೀಲವು ಅದನ್ನು ಒಳಗೆಳೆದುಕೊಳ್ಳುವದು. ನೆಲವು ಅಷ್ಟು ಬಡವಾದುದರಿಂದ ಗಿಡವು ಹೀಗೆ ಆಹಾರವನ್ನು ಗಳಿಸಬೇಕಾಗಿದೆ. ಹಸಿ ಬಂಡೆಗಳ ಮೇಲೆ ಬೆಳೆಯುವ ಸಯನೋಟಿಸ್ ಎಂಬ ಇನ್ನೊಂದು ಗಿಡದ ಹೂವು ದೂರದಿಂದ ಒಂದು ನೀಲಿ ಚಿಂದಿ. ಹತ್ತಿರ ಹೋದರೆ ಅದರ ಕೇಸರಗಳ ತುಂಬ ಗಡ್ಡದಂತೆ ರೋಮಗಳು. ಇನ್ನೂ ಹತ್ತಿರ ಹೋದರೆ ಪ್ರತಿಯೊಂದು ರೋಮವೂ ಮಣಿಗಳನ್ನು ಪೋಣಿಸಿದ ಒಂದು ಸರ. ಕಂದೀಲಿನ ಆಕಾರದ ಸೆರೋಪೀಜಿಯಾ ಹೂವಿನ ಕೊಳವೆಯೊಳಗೆ ಕೆಳಮುಖವಾದ ಕೂದಲುಗಳಿರುವವು. ವಾಸನೆಗೆ ಮರುಳಾಗಿ ಇಳಿದ ಸಣ್ಣ ನೊಣಕ್ಕೆ ಒಳದಾರಿಯುಂಟು, ಹೊರದಾರಿಯಿಲ್ಲ. ಕೂದಲುಗಳು ಬಾಡಿದ ಮೇಲೆಯೇ ಅದಕ್ಕೆ ಬಿಡುಗಡೆ. ಅಷ್ಟರಲ್ಲಿ ಅದು ಪರಾಗದ ಹೊರೆಯನ್ನು ಹೊತ್ತಿರುವದು. ಬನವಾಸಿಯ ತೋಟಗಳಲ್ಲಿ ದುಂಬಿಯ ಜನ್ಮವನ್ನಾದರೂ ಬೇಡಿದ ಪಂಪನ ಹಂಬಲವು ನಮಗೆಲ್ಲ ಗೊತ್ತಿದೆ. ಆ ಬನವಾಸಿಯ ಕದಂಬರಿಗೆ ಎರಡನೆಯ ನೆಲೆಯಾಗಿದ್ದ ಹಲಸಿಯು ಇದೇ ಖಾನಾಪುರ ತಾಲೂಕಿನಲ್ಲಿದೆ. ದುಂಬಿಯಾಗಿ ಹುಟ್ಟುವದು ನಮ್ಮ ಕೈಯಲ್ಲಿಲ್ಲ. ದುಂಬಿಯ ಅಳತೆಗೆ ಇಳಿದು ನೋಡುವ ಉಪಾಯವಾದರೂ ಈ ಮಸೂರದಿಂದ ದೊರಕಿದೆ.

ಇನ್ನು ಈ ಕಲೆಯ ಆಚಾರ್ಯನೆನಿಸಿದವನನ್ನು ವಿಚಾರಿಸದೆ ಮುಂದೆ ಹೋಗುವಂತಿಲ್ಲ. ಕಾರ್ಲ್ ಬ್ಲಾಸ್‌ಫೆಲ್ಟನು (೧೮೬೫–೧೯೩೨) ಬರ್ಲಿನ್ನಿನಲ್ಲಿ ಅಲಂಕರಣಕಲೆಯ ಶಿಕ್ಷಕನಾಗಿದ್ದವನು. ವಿದ್ಯಾರ್ಥಿಗಳಿಗೆ ಆಕೃತಿಗಳ ಪಾಠ ಹೇಳಲೆಂದು ಹಲವು ದಶಕಗಳ ಕಾಲ ಮೊಗ್ಗು, ಚಿಗುರು, ಬೀಜಕೋಶಗಳನ್ನು ಮೂವತ್ತು ಮಡಿಯವರೆಗೂ ಹಿಗ್ಗಿಸಿ ಚಿತ್ರ ತೆಗೆದನು. ೧೯೨೮ರಲ್ಲಿ ಅವು ಕಲೆಯ ಆದಿರೂಪಗಳು ಎಂಬ ಅರ್ಥದ ಹೆಸರಿನಿಂದ ೧೨೦ ಪಟಗಳ ಪುಸ್ತಕವಾಗಿ ಬಂದವು. ಜರಿಗಿಡದ ಸುರುಳಿಯು ಅಲ್ಲಿ ಧರ್ಮಗುರುವಿನ ದಂಡವಾಗಿ, ಕಾಂಡದ ತುದಿಯು ಗೋಪುರವಾಗಿ ಕಾಣುವದು. ಶಿಲ್ಪಿಯು ಕಲ್ಲಿನಲ್ಲಿ ಮಾಡಿದ್ದೆಲ್ಲವನ್ನೂ ಗಿಡಗಳು ಮೊದಲೇ ಮಾಡಿಟ್ಟಿವೆಯೆಂಬದು ಆ ಪುಸ್ತಕದ ಸಾರ. ಬೆಳಗಾವಿಯವರಿಗೆ ಇದನ್ನು ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ. ಕೋಟೆಯೊಳಗಿನ ಕಮಲಬಸದಿಗೆ ಹೋದರೆ ಸಾಕು. ರಟ್ಟರ ನಾಲ್ವಡಿ ಕಾರ್ತವೀರ್ಯನ ಮಂತ್ರಿಯಾದ ಬೀಚಿರಾಜನು ೧೨೦೪ರಲ್ಲಿ ಕಟ್ಟಿಸಿದ ಆ ಬಸದಿಯ ಒಳಮಾಳಿಗೆಯಿಂದ ಕಲ್ಲಿನ ತಾವರೆಯೊಂದು ಇಳಿಬಿದ್ದಿದೆ. ಬಸದಿಗೆ ಹೆಸರು ಬಂದದ್ದೂ ಅದರಿಂದಲೇ. ತಾವರೆಯನ್ನು ಎಷ್ಟೋ ಮಡಿ ಹಿಗ್ಗಿಸಿ ತಲೆಕೆಳಗಾಗಿ ತೂಗಿಸಿದ ಆ ಶಿಲ್ಪದ ಕೆಳಗೆ ನಿಂತವನು ಹೂವಿನೊಳಗೆ ಹೊಕ್ಕ ದುಂಬಿಯೇ ಆಗುವನು. ಆದರೆ ಭೇದವನ್ನು ಗಮನಿಸಬೇಕು. ಬಸದಿಯ ತಾವರೆಯು ಒಂದು ಇಡೀ ಗೃಹದ, ಒಂದು ಧ್ಯಾನದ ಅಂಗವಾಗಿದೆ. ಅದರ ಹಿಗ್ಗುವಿಕೆಗೆ ಒಂದು ಔಚಿತ್ಯವಿದೆ. ಬ್ಲಾಸ್‌ಫೆಲ್ಟನು ತನ್ನ ಗಿಡಗಳ ಬೇಡಾದ ಎಲೆಗಳನ್ನು ಕತ್ತರಿಸಿ, ಬೂದುಬಣ್ಣದ ಹಿನ್ನೆಲೆಗೆ ನಿಲ್ಲಿಸಿದನು. ಪಟದ ಕೆಳಗೆ ಗಿಡದ ಹೆಸರನ್ನೂ ಹಿಗ್ಗಿಸಿದ ಪ್ರಮಾಣವನ್ನೂ ಕೊಟ್ಟನು, ಇದು ಮೆಚ್ಚತಕ್ಕದ್ದು. ಆದರೆ ಅವನ ಪಟಗಳಲ್ಲಿ ಗಾಳಿಯಿಲ್ಲ, ಮಣ್ಣಿಲ್ಲ, ಹುಳವಿಲ್ಲ. ಆಕೃತಿಯು ಪೂರ್ಣವಾಗಿದೆ, ಪ್ರಾಣವು ಹೊರಗುಳಿದಿದೆ. ಗಿಡವು ಕಬ್ಬಿಣದ ಕಟಾಂಜನವಾಗಿದೆ. ಇಂದು ಕಪ್ಪು ಅರಿವೆಯ ಮುಂದೆ ಹೂವನ್ನು ಕೊಯ್ದಿಟ್ಟು ಚಿತ್ರ ತೆಗೆಯುವವರೆಲ್ಲ ಆ ದೊಡ್ಡವನ ಗುಣಕ್ಕಿಂತ ಕೊರತೆಯನ್ನೇ ಅನುಸರಿಸುತ್ತಿರುವರು.

ಕುಂತಕನ ಪಕ್ಷದವರ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಹೂವಿನ ನಿಜವಾದ ಅಳತೆಯೇ ಕ್ಯಾಮರಾದೊಳಗಿನ ಫಲಕದ ಮೇಲೆ ಮೂಡುವಷ್ಟು ಹತ್ತಿರ ಹೋದಾಗ, ಸ್ಪಷ್ಟವಾಗಿ ನಿಲ್ಲುವ ಆಳವು ಒಂದೆರಡು ಮಿಲಿಮೀಟರು ಮಾತ್ರ. ಅದರ ಹಿಂದು ಮುಂದೆಲ್ಲ ಮಂಜು. ಯಾವ ಕೇಸರವು ಸ್ಪಷ್ಟವಾಗಬೇಕು, ಯಾವ ಎಸಳು ಮಂಜಿನಲ್ಲಿ ಕರಗಬೇಕು ಎಂಬ ನಿರ್ಣಯವು ಯಂತ್ರದ್ದಲ್ಲ. ಅದು ಕವಿಯು ಶಬ್ದವನ್ನು ಆರಿಸುವಂತಹ ಕೆಲಸ. ಘಟ್ಟದ ಗಾಳಿಗೆ ಕಾಳಿನಷ್ಟು ಹೂವು ತೂಗಾಡುವಾಗ ಅದು ನಿಲ್ಲುವ ಅರೆಗಳಿಗೆಯನ್ನು ಕಾಯುವದು ತಪಸ್ಸು. ಅನೇಕ ಪದರುಗಳಲ್ಲಿ ಚಿತ್ರ ತೆಗೆದು ಅವುಗಳ ಸ್ಪಷ್ಟಭಾಗಗಳನ್ನು ಒಂದುಗೂಡಿಸುವ ಇಂದಿನ ಪದ್ಧತಿಯನ್ನು ಕೆಲವರು ಮೋಸವೆನ್ನುವರು. ಅದು ಮೋಸವಲ್ಲ, ಯಾ‌ಕಂದರೆ ಹೂವಿನಲ್ಲಿ ಇಲ್ಲದ್ದೇನನ್ನೂ ಅದು ಕೂಡಿಸುವದಿಲ್ಲ. ಮೋಸವಿರುವದು ಬೇರೆ ಕಡೆಗೆ. ಮಧ್ಯಾಹ್ನದಲ್ಲಿ ಪಿಚಕಾರಿಯಿಂದ ಇಬ್ಬನಿಯನ್ನು ಚಿಮುಕಿಸುವದು, ಹುಳವನ್ನು ಥಂಡಿಯಲ್ಲಿ ಮರಗಟ್ಟಿಸಿ ತಂದು ಎಸಳಿನ ಮೇಲೆ ಕೂರಿಸುವದು, ನಸುಗೆಂಪನ್ನು ಕುಂಕುಮವಾಗಿಸುವದು, ಇವೆಲ್ಲ ಗುಣವನ್ನು ಹಿಗ್ಗಿಸುವ ಅತಿಶಯೋಕ್ತಿಗಳು. ಅದೂ ತಾನು ಸ್ವಭಾವೋಕ್ತಿಯೆಂದು ಹೇಳಿಕೊಳ್ಳುವ ಅತಿಶಯೋಕ್ತಿಗಳು. ಕವಿಯ ಅತಿಶಯೋಕ್ತಿಯನ್ನು ಓದುಗನು ಅತಿಶಯೋಕ್ತಿಯೆಂದು ತಿಳಿದೇ ಸವಿಯುವನು. ಛಾಯಾಚಿತ್ರದ ಅತಿಶಯೋಕ್ತಿಯನ್ನು ಅವನು ಸಾಕ್ಷಿಯೆಂದು ನಂಬುವನು. ಭೇದವು ಅಲ್ಲಿದೆ.

ಈ ಪ್ರಸಂಗದಲ್ಲಿ ಕನ್ನಡಿಗರು ಬಿ. ಜಿ. ಎಲ್. ಸ್ವಾಮಿಯವರನ್ನು ನೆನೆಯದಿರಲಾರರು. ೧೯೭೬ರ ಅವರ "ಹಸುರು ಹೊನ್ನು" ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನು ಪಡೆದ ಗ್ರಂಥ. ಅದರ ಚಿತ್ರಗಳೂ ಅವರ ಕೈಯವೇ. ಗೆರೆಯ ಚಿತ್ರಕ್ಕೆ ಒಂದು ಅನುಕೂಲವುಂಟು. ಅದು ಬೇಡಾದದ್ದನ್ನು ಬಿಟ್ಟು ಬೇಕಾದದ್ದನ್ನು ಎತ್ತಿ ತೋರಬಲ್ಲದು. ಛಾಯಾಚಿತ್ರವು ಎದುರಿಗೆ ಬಂದದ್ದನ್ನೆಲ್ಲ ಹಿಡಿಯಬೇಕು. ಆದರೆ ಸ್ವಾಮಿಯವರ ದೊಡ್ಡ ಗುಣವು ಗೆರೆಯಲ್ಲಿ ಮಾತ್ರವಿಲ್ಲ. ಅವರು ಗಿಡವನ್ನು ಎಂದೂ ಒಂಟಿಯಾಗಿ ಬಿಡಲಿಲ್ಲ. ಅದು ಬೆಳೆದ ಜಾಗ, ಅದಕ್ಕೆ ಜನ ಕೊಟ್ಟ ಹೆಸರು, ಅದನ್ನು ಹಾಡಿದ ಕವಿ, ಅದನ್ನು ಹುಡುಕಹೋದ ವಿದ್ಯಾರ್ಥಿಗಳ ಹುಡುಗಾಟ, ಎಲ್ಲವನ್ನೂ ಅದರ ಸುತ್ತ ನಿಲ್ಲಿಸಿದರು. ನಮ್ಮ ಸಮೀಪಚಿತ್ರಕಾರರು ಅವರಿಂದ ಕಲಿಯತಕ್ಕದ್ದು ಇದು.

ಯಾಕಂದರೆ ಸಮೀಪಚಿತ್ರದ ಅತಿ ದೊಡ್ಡ ದೋಷವು ಅದರ ಗುಣದಲ್ಲಿಯೇ ಅಡಗಿದೆ. ಹತ್ತಿರ ಹೋದಷ್ಟು ಸುತ್ತಣದು ಮರೆಯಾಗುವದು. ಹೂವು ಹೆಸರನ್ನೂ ನೆಲವನ್ನೂ ಕಳೆದುಕೊಂಡು ಬರಿಯ ಬಣ್ಣವಾಗುವದು. ಇದರ ಪರಿಣಾಮವನ್ನು ತಿಳಿಯಬೇಕಾದರೆ ಪಾರ್ಥೇನಿಯಮ್ಮಿನ, ಎಂದರೆ ನಮ್ಮ ರೈತರು ಕಾಂಗ್ರೆಸ್ ಕಸವೆಂದು ಶಪಿಸುವ ಗಿಡದ, ಒಂದು ಸಮೀಪಚಿತ್ರವನ್ನು ನೋಡಬೇಕು. ಐದು ಮೂಲೆಗಳ ಮುತ್ತಿನ ಪದಕದಂತಹ ಹೂವು! ಹೆಸರಿಲ್ಲದೆ ತೋರಿಸಿದರೆ ಯಾರೂ ಮೆಚ್ಚದಿರರು. ೧೯೫೦ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡು ದೇಶವನ್ನೆಲ್ಲ ಹಬ್ಬಿ, ಹೊಲಗಳನ್ನು ಕೆಡಿಸಿ, ಎಷ್ಟೋ ಜನರ ಚರ್ಮಕ್ಕೂ ಉಸಿರಿಗೂ ಕಾಟವಾದ ಗಿಡವದು. ಚಿತ್ರವು ಸುಳ್ಳು ಹೇಳಲಿಲ್ಲ; ಆದರೆ ಹೆಸರು ಹೇಳದೆ ಅರ್ಧಸತ್ಯವನ್ನು ಆಡಿತು. ಹಳೆಯ ಸಸ್ಯಶಾಸ್ತ್ರಜ್ಞರು ಈ ವಿಷಯದಲ್ಲಿ ನಮಗಿಂತ ಜಾಗರೂಕರಾಗಿದ್ದರು. ಬೆಳಗಾವಿಯ ಸುತ್ತಲು ರಿಚಿ ಎಂಬವನು ಕೂಡಿಸಿದ ಸಸ್ಯಗಳನ್ನು ಥಿಯೋಡೋರ್ ಕುಕ್ಕನು ೧೯೦೧ರಿಂದ ೧೯೦೮ರವರೆಗೆ ಪ್ರಕಟವಾದ ತನ್ನ ಮುಂಬಯಿ ಇಲಾಖೆಯ ಸಸ್ಯಗ್ರಂಥದಲ್ಲಿ ಹೆಸರಿಸಿರುವನು. ಒಣಗಿದ ಹೂವಿನ ಬಣ್ಣವು ಹಾರಿಹೋದರೂ, ಇಂತಹ ಗಿಡ, ಇಂತಹ ನೆಲ, ಇಂತಹವನು ಕಂಡದ್ದು ಎಂಬ ಚೀಟಿಯು ಉಳಿದುದರಿಂದ ಅದಕ್ಕೆ ಇಂದಿಗೂ ಬೆಲೆಯಿದೆ. ನಮ್ಮ ಚಿತ್ರಗಳಲ್ಲಿ ಬಣ್ಣವು ಉಳಿದಿದೆ, ಚೀಟಿಯು ಹಾರಿಹೋಗಿದೆ.

ಇದು ಬರಿಯ ಪಂಡಿತರ ಚಿಂತೆಯೆಂದು ವಾಚಕರು ತಿಳಿಯಬಾರದು. ನಮ್ಮ ಕಂದಾಯದ ದಫ್ತರದಲ್ಲಿ ಬೇಸಾಯಕ್ಕೆ ಬಾರದ ಭೂಮಿಗೆ ಖರಾಬು ಎಂದು ಹೆಸರು. ದಫ್ತರಕ್ಕೆ ಅದು ಲೆಕ್ಕದ ಒಂದು ಮಾತು. ಜನರ ಕಿವಿಗೆ ಅದು ಕೆಟ್ಟದ್ದೆಂದೇ ಕೇಳಿಸುವದು. ಕೆಟ್ಟದ್ದೆಂದಮೇಲೆ ಅಗೆದರೇನು, ತುಂಬಿದರೇನು, ಕಸ ಸುರಿದರೇನು? ಮರಗಳುಳ್ಳ ಕಾಡಿಗಾಗಿ ಮರುಗುವ ಜನರು ಕೂಡ ಮರವಿಲ್ಲದ ಚಿರೆಕಲ್ಲಿನ ಬಯಲಿಗಾಗಿ ಮರುಗುವದಿಲ್ಲ. ಅಲ್ಲಿನ ಸಂಪತ್ತು ಕಣ್ಣಳತೆಗಿಂತ ಚಿಕ್ಕದು. ಅದಕ್ಕೆ ಸಾಕ್ಷಿ ನುಡಿಯಬಲ್ಲದು ಸಮೀಪಚಿತ್ರವೊಂದೇ. ಆದರೆ ನೆಲದ ಹೆಸರಿಲ್ಲದ ಸಾಕ್ಷಿಯನ್ನು ಯಾವ ನ್ಯಾಯಾಲಯವೂ ಎಣಿಸದು. ಸೀತೆಯ ಕಣ್ಣೀರು ಯಾವ ಬಯಲಿನದೆಂದು ಹೇಳದ ಚಿತ್ರವು ಕಣ್ಣಿಗೆ ಹಬ್ಬವಾಯಿತೇ ಹೊರತು ಬಯಲಿಗೆ ಆಸರೆಯಾಗಲಿಲ್ಲ. ಚಿತ್ರವು ಸ್ವಭಾವೋಕ್ತಿಯಾಗಬೇಕಾದರೆ ನೆಲವೂ ಆ ಹೂವಿನ ಸ್ವಭಾವದಲ್ಲಿ ಸೇರಿದೆಯೆಂಬದನ್ನು ಒಪ್ಪಬೇಕು.

ಇಲ್ಲಿ ಒಂದು ಎದುರುಮಾತು ಏಳುವದು ಸಹಜ. ಜಾಗವನ್ನು ಸಾರಿದರೆ ಜನಜಾತ್ರೆಯಾಗದೇ? ಅಹುದು, ಆಗುವದು. ಸಾತಾರೆಯ ಹತ್ತಿರದ ಕಾಸ ಪ್ರಸ್ಥಭೂಮಿಯು ೨೦೧೨ರಲ್ಲಿ ಪಶ್ಚಿಮಘಟ್ಟಗಳ ಜೊತೆಗೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಹೂಗಳನ್ನು ನೋಡಬಂದವರ ಕಾಲ್ತುಳಿತದಿಂದ ಹೂಗಳನ್ನೇ ಕಾಪಾಡಬೇಕಾಗಿ ಬಂದು, ದಿನಕ್ಕೆ ಇಷ್ಟೇ ಜನರೆಂದು ಮಿತಿ ಹಾಕಬೇಕಾಯಿತು. ಒಂದು ಹೂವಿನ ಚಿತ್ರಕ್ಕಾಗಿ ಮೊಣಕಾಲೂರಿದವನು ಹತ್ತು ಹೂಗಳ ಮೇಲೆ ಊರಿರುವನು. ಸೆರೋಪೀಜಿಯಾದ ಗಡ್ಡೆಯು ತಿನ್ನಲು ಬರುವದಾದ್ದರಿಂದ ಅದರ ಜಾಗವನ್ನು ಬೆರಳು ಮಾಡಿ ತೋರಿಸುವದು ಅದನ್ನು ಕೀಳಿಸಿದಂತೆಯೇ ಸರಿ. ಆದುದರಿಂದ ನೆಲವನ್ನು ಹೇಳುವದೆಂದರೆ ದಾರಿಯ ಗುರುತು ಹೇಳುವದಲ್ಲ. ತಾಲೂಕು, ನೆಲದ ಬಗೆ, ತಿಂಗಳು, ನೆರೆಯ ಗಿಡಗಳು, ಬಂದ ಹುಳ, ಇಷ್ಟು ಹೇಳಿದರೆ ಹೂವಿಗೆ ಮನೆ ದೊರೆಯುವದು. ಕಳ್ಳನಿಗೆ ಬಾಗಿಲು ದೊರೆಯದು. ಕಲಾವಿದನ ಔಚಿತ್ಯಪ್ರಜ್ಞೆಯ ಪರೀಕ್ಷೆಯಾಗುವದು ಈ ಕೂದಲೆಳೆಯ ಅಂತರದಲ್ಲಿಯೇ.

ನಮ್ಮ ಜಿಲ್ಲೆಯ ರಸಿಕರು ಮನಸ್ಸು ಮಾಡಿದರೆ ಬೆಳಗಾವಿ-ಖಾನಾಪುರಗಳ ಹೂಗಳದೊಂದು ಚಿತ್ರಸಂಪುಟವನ್ನು ಸಿದ್ಧಪಡಿಸುವದು ಅಸಾಧ್ಯವಲ್ಲ. ಪ್ರತಿಯೊಂದು ಹೂವಿಗೂ ಎರಡು ಚಿತ್ರಗಳಿರಬೇಕು: ಒಂದು ಹೂವಿನ ಅಂತರಂಗದ್ದು, ಇನ್ನೊಂದು ಅದು ನಿಂತ ನೆಲದ್ದು. ಕೆಳಗೆ ಕನ್ನಡದ ಹೆಸರು, ನೆರೆಹೊರೆಯವರು ಕರೆಯುವ ಮರಾಠಿಯ ಹೆಸರು, ಶಾಸ್ತ್ರದ ಹೆಸರು. ಕನ್ನಡದ ಹೆಸರು ದೊರೆಯದಿದ್ದಲ್ಲಿ ದನಗಾಹಿಗಳನ್ನೂ ಹಳ್ಳಿಯ ಮುದುಕಿಯರನ್ನೂ ಕೇಳಬೇಕು. ಪುಸ್ತಕಕ್ಕೆ ಬಾರದ ಎಷ್ಟೋ ಹೆಸರುಗಳು ಅವರ ನಾಲಗೆಯ ಮೇಲೆ ಇನ್ನೂ ಇವೆ, ಬಹಳ ಕಾಲ ಇರಲಾರವು. ಮನೆಯ ಮಕ್ಕಳಿಗೆ ಇದಕ್ಕಿಂತ ಸುಲಭವಾದ ಆರಂಭವುಂಟು. ನಾಳೆ ಪೂಜೆಯ ಬುಟ್ಟಿಯಿಂದ ಒಂದು ತುಂಬೆಯನ್ನೋ ಸೇವಂತಿಗೆಯನ್ನೋ ಎತ್ತಿಕೊಂಡು, ಹತ್ತು ಮಡಿ ಹಿಗ್ಗಿಸುವ ಒಂದು ಕೈಮಸೂರದ ಕೆಳಗೆ ಇಟ್ಟು, ಕಂಡದ್ದನ್ನು ಮೊದಲು ಮಾತಿನಲ್ಲಿ ಹೇಳಿಸಬೇಕು. ಚಿತ್ರ ತೆಗೆಯುವದು ಆಮೇಲೆ. ಹೆಸರು ಹಿಡಿದು ಕರೆಯಬಲ್ಲ ಹೂವನ್ನು ಯಾರೂ ಸುಮ್ಮನೆ ತುಳಿಯಲಾರರು.